ಮನೆ ಸರ್ವರ್

ಮನೆ ಸರ್ವರ್ ಎಂದರೆ ಒಬ್ಬ ವ್ಯಕ್ತಿಯ ಅಥವಾ ಒಂದು ಕುಟುಂಬದ ಸ್ವಂತ ಬಳಕೆಗಾಗಿ ವಾಸದ ಮನೆಯಲ್ಲಿಯೇ ಇರಿಸಿ, ಹಗಲಿರುಳೂ ಚಾಲನೆಯಲ್ಲಿಡುವ ಗಣಕಯಂತ್ರ. ಮನೆಯ ಇತರ ಗಣಕಗಳು, ಮೊಬೈಲ್ ಫೋನ್‌ಗಳು, ಟಿ.ವಿ. ಮೊದಲಾದವು ತಮಗೆ ಬೇಕಾದ ಕಡತ, ಛಾಯಾಚಿತ್ರ, ಸಂಗೀತ ಅಥವಾ ಜಾಲಪುಟಗಳನ್ನು ಇದರಿಂದ ಪಡೆದುಕೊಳ್ಳುತ್ತವೆ. ಇಂತಹ ಯಂತ್ರವನ್ನು ನಡೆಸಲು ಸಾಮಾನ್ಯವಾಗಿ ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುತ್ತಾರೆ. ಜಾಲತಾಣಗಳನ್ನು ನಿರ್ಮಿಸುವ ವೆಬ್ ಡೆವಲಪರ್‌ಗಳು ಮನೆ ಸರ್ವರ್ ಕಟ್ಟಿಕೊಳ್ಳುವವರಲ್ಲಿ ಮುಖ್ಯರು. ಅವರು ಕಚೇರಿಯಲ್ಲಿ ಬಳಸುವ ತಂತ್ರಾಂಶಗಳೇ ಮನೆಯ ಹಳೆಯ ಗಣಕದಲ್ಲಿಯೂ ಯಾವ ಶುಲ್ಕವೂ ಇಲ್ಲದೆ ನಡೆಯುವುದು ಇದಕ್ಕೆ ಕಾರಣ.

ಮನೆ ಸರ್ವರ್‌ನ ಅನುಕೂಲ ಮತ್ತು ತೊಂದರೆ ಎರಡಕ್ಕೂ ಮೂಲ ಒಂದೇ. ಕುಟುಂಬದ ದತ್ತಾಂಶವು ಪರರ ಕೈಯಲ್ಲಿರದೆ ಮನೆಯಲ್ಲಿಯೇ ಇರುತ್ತದೆ. ಆದ್ದರಿಂದಲೇ ಅದು ಕೆಟ್ಟರೆ, ಕಳೆದುಹೋದರೆ ಅಥವಾ ಕಳವಾದರೆ ಹೊಣೆ ಹೊರಲು ಬೇರೆ ಯಾರೂ ಇರುವುದಿಲ್ಲ.

ಪದದ ಅರ್ಥ

ಇಂಗ್ಲಿಷಿನ 'ಸರ್ವರ್' ಪದಕ್ಕೆ 'ಬಡಿಸುವವನು' ಎಂಬ ಅರ್ಥವೂ ಇದೆ. ಪಂಕ್ತಿಯಲ್ಲಿ ಕುಳಿತವರು ಕೇಳಿದ್ದನ್ನು ತಂದು ಬಡಿಸುವವನಂತೆ, ಸರ್ವರ್ ತನ್ನನ್ನು ಕೇಳಿದ ಇತರ ಗಣಕಗಳಿಗೆ ದತ್ತಾಂಶವನ್ನು ಒದಗಿಸುತ್ತದೆ. ಕೇಳುವ ಗಣಕಕ್ಕೆ 'ಕ್ಲೈಂಟ್' ಎಂದು ಹೆಸರು. ಸರ್ವರ್ ಎಂಬ ಪದವನ್ನು ಯಂತ್ರಕ್ಕೂ, ಆ ಯಂತ್ರದಲ್ಲಿ ನಡೆಯುವ ತಂತ್ರಾಂಶಕ್ಕೂ ಬಳಸುವುದರಿಂದ ಹೊಸಬರಿಗೆ ಗೊಂದಲವಾಗುವುದುಂಟು. ಅಪಾಚೆ ಎಂಬುದು ಜಾಲಪುಟಗಳನ್ನು ಒದಗಿಸುವ ಸರ್ವರ್ ತಂತ್ರಾಂಶ; ಅದು ನಡೆಯುವ ಪೆಟ್ಟಿಗೆಯೂ ಸರ್ವರ್ ಎಂದೇ ಕರೆಯಲ್ಪಡುತ್ತದೆ. ಸರ್ವರ್ ಆಗಲು ಯಂತ್ರವು ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ಅಂಗೈಯಷ್ಟು ಅಗಲದ ಫಲಕವೂ ಸರ್ವರ್ ಆಗಬಲ್ಲದು.

ಇತಿಹಾಸ

ಜಗತ್ತಿನ ಮೊದಲ ವೆಬ್ ಸರ್ವರ್ ಕೂಡ ಒಬ್ಬರ ಮೇಜಿನ ಮೇಲಿದ್ದ ಗಣಕವೇ ಆಗಿತ್ತು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ವಿಶ್ವವ್ಯಾಪಿ ಜಾಲವನ್ನು ರೂಪಿಸಿದಾಗ ಬಳಸಿದ್ದು ನೆಕ್ಸ್ಟ್ ಕಂಪನಿಯ ಗಣಕವನ್ನು. ಇದು ಸರ್ವರ್ ಯಂತ್ರ, ಇದನ್ನು ಆರಿಸಬಾರದು ಎಂಬ ಅರ್ಥದ ಕೈಬರಹದ ಚೀಟಿಯನ್ನು ಅದಕ್ಕೆ ಅಂಟಿಸಲಾಗಿತ್ತು. ಮನೆಯಲ್ಲಿ ಸರ್ವರ್ ಇಟ್ಟವರು ಇಂದಿಗೂ ಸ್ವಿಚ್ ಬೋರ್ಡಿನ ಮೇಲೆ ಇಂತಹದೇ ಚೀಟಿ ಅಂಟಿಸಬೇಕಾಗುತ್ತದೆ.

ಲಿನಕ್ಸ್ ಹುಟ್ಟಿದ್ದೂ ಮನೆಯ ಗಣಕದ ಒಂದು ಹವ್ಯಾಸವಾಗಿಯೇ. ಫಿನ್‌ಲೆಂಡ್‌ನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇಂಟೆಲ್ 386 ಸಂಸ್ಕಾರಕವುಳ್ಳ ಗಣಕವೊಂದನ್ನು ಕೊಂಡರು. ಮನೆಯಿಂದಲೇ ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಯುನಿಕ್ಸ್ ಗಣಕವನ್ನು ಸಂಪರ್ಕಿಸಲು ಅವರು ಬರೆದುಕೊಂಡ ಪುಟ್ಟ ತಂತ್ರಾಂಶ ಬೆಳೆಯುತ್ತಾ ಹೋಗಿ ಕಾರ್ಯಾಚರಣ ವ್ಯವಸ್ಥೆಯ ತಿರುಳಾಯಿತು. 1991ರ ಆಗಸ್ಟ್ 25ರಂದು ಅವರು ಅದರ ಬಗ್ಗೆ ಮೊದಲ ಪ್ರಕಟಣೆ ನೀಡಿದರು. ಸೆಪ್ಟೆಂಬರ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. 1992ರಲ್ಲಿ ಅದನ್ನು ಜಿಎನ್‌ಯು ಸಾರ್ವಜನಿಕ ಪರವಾನಗಿಯ ಅಡಿಯಲ್ಲಿ ತಂದ ಮೇಲೆ ಯಾರು ಬೇಕಾದರೂ ಬಳಸಲು, ತಿದ್ದಲು ಮತ್ತು ಹಂಚಲು ದಾರಿಯಾಯಿತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಜಿಎನ್‌ಯು ಯೋಜನೆಯ ಉಪಕರಣಗಳೂ ಈ ತಿರುಳೂ ಸೇರಿ ಪೂರ್ಣ ವ್ಯವಸ್ಥೆಯಾದವು. ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಎಂಬ ವಿತರಣೆಗಳು 1993ರಲ್ಲಿಯೂ, ಉಬುಂಟು 2004ರಲ್ಲಿಯೂ ಆರಂಭವಾದವು.

ಜಾಲತಾಣ ನಿರ್ಮಾಣದ ಸಾಧನಗಳಲ್ಲಿ ಕೆಲವು ಕೂಡ ಹೀಗೆಯೇ ಹುಟ್ಟಿದವು. ರಾಸ್ಮಸ್ ಲರ್ಡಾರ್ಫ್ ತಮ್ಮ ವೈಯಕ್ತಿಕ ಜಾಲಪುಟವನ್ನು ಯಾರು ನೋಡುತ್ತಾರೆಂದು ತಿಳಿಯಲು ಬರೆದುಕೊಂಡ ಸಣ್ಣ ಉಪಕರಣಗಳೇ 1995ರಲ್ಲಿ ಪಿಎಚ್‌ಪಿ ಎಂಬ ಹೆಸರಿನಲ್ಲಿ ಪ್ರಕಟವಾದವು. ಅದೇ ವರ್ಷ ಅಪಾಚೆ ವೆಬ್ ಸರ್ವರ್ ಮತ್ತು ಮೈಎಸ್‌ಕ್ಯೂಎಲ್ ದತ್ತಸಂಚಯಗಳೂ ಬಂದವು. ಲಿನಕ್ಸ್, ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳು ಸೇರಿ 'ಲ್ಯಾಂಪ್' ಎಂಬ ಪದ ಹುಟ್ಟಿತು. ದುಬಾರಿ ಯಂತ್ರ ಕೊಳ್ಳಲಾಗದ ವಿದ್ಯಾರ್ಥಿಯೂ ದೊಡ್ಡ ಸಂಸ್ಥೆಗಳು ಬಳಸುವ ಸಾಧನಗಳನ್ನೇ ಮನೆಯಲ್ಲಿ ಕಲಿಯಲು ಇದರಿಂದ ಸಾಧ್ಯವಾಯಿತು.

ಅಂತರಜಾಲ ನಿಧಾನವಾಗಿದ್ದ ದಿನಗಳಲ್ಲಿ ಭಾರತದ ಮನೆಗಳಿಗೆ ಲಿನಕ್ಸ್ ತಲುಪಿದ್ದು ಹೆಚ್ಚಾಗಿ ಗಣಕ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳ ಮೂಲಕ. ಉಬುಂಟು ಯೋಜನೆ 2011ರವರೆಗೆ ತನ್ನ ಸಿ.ಡಿ.ಗಳನ್ನು ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿತ್ತು. ಬೆಂಗಳೂರಿನಲ್ಲಿ 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಆರಂಭವಾಗಿ ಮುಂದೆ 'ಫಾಸ್.ಇನ್' ಎಂದು ಹೆಸರಾದ ಸಮ್ಮೇಳನವು ಇಂತಹ ಹವ್ಯಾಸಿಗಳಿಗೂ ವೃತ್ತಿಪರರಿಗೂ ಸೇರುವ ಜಾಗವಾಗಿತ್ತು.

ಯಂತ್ರಾಂಶ

ಮನೆ ಸರ್ವರ್‌ಗೆ ಬಳಕೆಯಾಗುವ ಯಂತ್ರಗಳಲ್ಲಿ ಮೊದಲ ಸ್ಥಾನ ಬಳಸಿ ಬಿಟ್ಟ ಹಳೆಯ ಗಣಕಕ್ಕೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಾಗ, ಹೊಸ ಆವೃತ್ತಿಗೆ ಏರಲಾಗದ ಯಂತ್ರಗಳನ್ನು ಲಿನಕ್ಸ್‌ಗೆ ಬದಲಿಸಿಕೊಳ್ಳುವ ದಾರಿ ಅನೇಕರ ಮುಂದಿತ್ತು. ಚಿತ್ರಾತ್ಮಕ ಪರದೆಯಿಲ್ಲದೆ, ಕೇವಲ ಅಕ್ಷರಗಳ ಆಜ್ಞೆಗಳಿಂದ ನಡೆಯುವ ಸರ್ವರ್‌ಗೆ ಹೆಚ್ಚು ಸ್ಮೃತಿ ಬೇಕಾಗುವುದಿಲ್ಲ.

ಹಳೆಯ ಲ್ಯಾಪ್‌ಟಾಪ್‌ಗೆ ಒಂದು ವಿಶೇಷ ಅನುಕೂಲವಿದೆ. ವಿದ್ಯುತ್ ಹೋದಾಗ ಅದರ ಬ್ಯಾಟರಿಯೇ ಯುಪಿಎಸ್‌ನ ಕೆಲಸ ಮಾಡುತ್ತದೆ. ಆದರೆ ವರ್ಷಗಟ್ಟಲೆ ಚಾರ್ಜಿಗೆ ಹಾಕಿಯೇ ಇಟ್ಟರೆ ಬ್ಯಾಟರಿ ಉಬ್ಬುವ ಅಪಾಯವಿರುವುದರಿಂದ ಆಗಾಗ ಪರೀಕ್ಷಿಸಬೇಕು. ಮುಚ್ಚಳ ಮುಚ್ಚಿದೊಡನೆ ಯಂತ್ರವು ನಿದ್ರೆಗೆ ಜಾರದಂತೆ ಹೊಂದಿಸುವುದನ್ನೂ ಮರೆಯಬಾರದು. ಮೊದಲ ಸಲ ಸರ್ವರ್ ಕಟ್ಟಿದವರು ಬೆಳಿಗ್ಗೆ ಎದ್ದು ನೋಡಿ ಗಾಬರಿಗೊಳ್ಳುವುದು ಬಹುತೇಕ ಈ ಕಾರಣಕ್ಕೆ.

ಎರಡನೆಯ ಬಗೆ ರಾಸ್ಪ್‌ಬೆರಿ ಪೈ ಮುಂತಾದ ಏಕಫಲಕ ಗಣಕಗಳು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಉದ್ದೇಶದಿಂದ ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಪ್ರತಿಷ್ಠಾನವು 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಗೆ ಇದನ್ನು ಬಿಡುಗಡೆ ಮಾಡಿತು. ಮಕ್ಕಳಿಗಾಗಿ ಬಂದ ಫಲಕವನ್ನು ದೊಡ್ಡವರು ಸರ್ವರ್ ಮಾಡಿಕೊಂಡರು. ಇದಕ್ಕೆ ಮುಖ್ಯ ಕಾರಣ ವಿದ್ಯುತ್ತಿನ ಖರ್ಚು. 60 ವ್ಯಾಟ್ ಬಳಸುವ ಹಳೆಯ ಗಣಕವನ್ನು ಹಗಲಿರುಳು ನಡೆಸಿದರೆ ದಿನಕ್ಕೆ 1.44 ಯೂನಿಟ್, 30 ದಿನಗಳ ತಿಂಗಳಿಗೆ 43 ಯೂನಿಟ್‌ಗೂ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. 5 ವ್ಯಾಟ್‌ನ ಫಲಕಕ್ಕೆ ಅದೇ ತಿಂಗಳಲ್ಲಿ 3.6 ಯೂನಿಟ್ ಸಾಕು. ಬಿಟ್ಟಿಯಾಗಿ ಸಿಕ್ಕ ಹಳೆಯ ಪೆಟ್ಟಿಗೆ ಕರೆಂಟ್ ಬಿಲ್ಲಿನಲ್ಲಿ ತನ್ನ ಬೆಲೆಯನ್ನು ವಸೂಲು ಮಾಡಿಕೊಳ್ಳುತ್ತದೆ. ಫಲಕದ ದೌರ್ಬಲ್ಯವೆಂದರೆ ಅದು ಸಾಮಾನ್ಯವಾಗಿ ಮೆಮರಿ ಕಾರ್ಡಿನಿಂದ ನಡೆಯುವುದು. ಪದೇ ಪದೇ ಬರೆಯುವ ಕೆಲಸಕ್ಕೆ ಕಾರ್ಡ್ ಸವೆಯುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅದರಲ್ಲಿದ್ದ ಕಡತಗಳು ಹಾಳಾಗಬಹುದು. ಆದ್ದರಿಂದ ದತ್ತಾಂಶವನ್ನು ಪ್ರತ್ಯೇಕ ಡಿಸ್ಕಿನಲ್ಲಿ ಇಡುವುದು ವಾಡಿಕೆ.

ಕರ್ನಾಟಕದ ಗ್ರಾಮೀಣ ಭಾಗದಲ್ಲಿ ವಿದ್ಯುತ್ ಕಡಿತ, ಮಲೆನಾಡು ಮತ್ತು ಕರಾವಳಿಯಲ್ಲಿ ಮುಂಗಾರಿಗೆ ಮೊದಲಿನ ಸಿಡಿಲು ಮನೆ ಸರ್ವರ್‌ನ ದೊಡ್ಡ ಶತ್ರುಗಳು. ತಾಮ್ರದ ದೂರವಾಣಿ ತಂತಿಯ ಮೂಲಕ ಬಂದ ಸಿಡಿಲಿನ ಹೊಡೆತ ಮೋಡೆಮ್ ದಾಟಿ ಗಣಕವನ್ನೂ ತಲುಪಬಲ್ಲದು. ಗಾಜಿನ ಎಳೆಯ ಫೈಬರ್ ಸಂಪರ್ಕದಲ್ಲಿ ಈ ದಾರಿ ಮುಚ್ಚುತ್ತದೆಯಾದರೂ ವಿದ್ಯುತ್ ತಂತಿಯ ದಾರಿ ಹಾಗೆಯೇ ಉಳಿಯುತ್ತದೆ.

ವೆಬ್ ಡೆವಲಪರ್‌ಗಳ ಬಳಕೆ

ಜಾಲತಾಣವನ್ನು ಸಾರ್ವಜನಿಕರ ಮುಂದಿಡುವ ಮೊದಲು ಅದನ್ನು ಪರೀಕ್ಷಿಸಲು ಅದೇ ಬಗೆಯ ಇನ್ನೊಂದು ಪರಿಸರ ಬೇಕಾಗುತ್ತದೆ. ಮನೆ ಸರ್ವರ್ ಈ ಅಗತ್ಯವನ್ನು ಪೂರೈಸುತ್ತದೆ. ಒಂದೇ ಯಂತ್ರದಲ್ಲಿ ಹಲವು ತಾಣಗಳನ್ನು ಬೇರೆ ಬೇರೆ ಹೆಸರಿನಲ್ಲಿ ನಡೆಸಿ, ಮನೆಯ ಫೋನಿನಲ್ಲಿಯೂ ಟ್ಯಾಬ್ಲೆಟ್‌ನಲ್ಲಿಯೂ ಅವು ಹೇಗೆ ಕಾಣುತ್ತವೆಂದು ನೋಡಬಹುದು.

ಇದರಿಂದ ಬಯಲಾಗುವ ಒಂದು ಸಾಮಾನ್ಯ ದೋಷವನ್ನು ಇಲ್ಲಿ ಹೇಳಬಹುದು. ಲಿನಕ್ಸ್ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳನ್ನು ಬೇರೆ ಬೇರೆ ಎಂದು ಎಣಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ. ಚಿತ್ರದ ಹೆಸರನ್ನು ಒಂದು ಕಡೆ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಚಿಕ್ಕಕ್ಷರದಲ್ಲಿ ಬರೆದ ತಾಣವು ಡೆವಲಪರ್‌ನ ವಿಂಡೋಸ್ ಗಣಕದಲ್ಲಿ ಸರಿಯಾಗಿ ಕಂಡು, ಲಿನಕ್ಸ್ ಸರ್ವರ್‌ಗೆ ಹೋದೊಡನೆ ಚಿತ್ರವಿಲ್ಲದೆ ನಿಲ್ಲುತ್ತದೆ. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲದಿರುವುದರಿಂದ ಕನ್ನಡದ ವಿದ್ಯಾರ್ಥಿಗಳಿಗೆ ಈ ತಪ್ಪು ಕಣ್ಣಿಗೆ ಬೀಳುವುದು ತಡ.

ಬರೆದ ಕ್ರಮವಿಧಿಯ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ತಂತ್ರಾಂಶವನ್ನು ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದರು. ಅದರ ಭಂಡಾರವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. 2013ರಲ್ಲಿ ಬಂದ ಡಾಕರ್, ಪ್ರತಿಯೊಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಪರಿಕರಗಳೊಡನೆ ಪ್ರತ್ಯೇಕ ಡಬ್ಬಿಯಲ್ಲಿಟ್ಟಂತೆ ನಡೆಸುವ ವಿಧಾನವನ್ನು ಜನಪ್ರಿಯಗೊಳಿಸಿತು. ಒಂದನ್ನು ತೆಗೆದುಹಾಕಿದರೆ ಇನ್ನೊಂದು ಕೆಡುವುದಿಲ್ಲ.

ಗೊತ್ತುಪಡಿಸಿದ ವೇಳೆಗೆ ತಾನೇ ಕೆಲಸ ಮಾಡಿಸುವ 'ಕ್ರಾನ್' ಯುನಿಕ್ಸ್ ಕಾಲದಿಂದಲೂ ಇದೆ. ಇದರ ಪಟ್ಟಿಯಲ್ಲಿ ಪ್ರತಿ ಸಾಲಿನ ಆರಂಭಕ್ಕೆ ಐದು ಅಂಕಣಗಳು: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ. 'ಯಾವುದಾದರೂ ಸರಿ' ಎನ್ನಲು ನಕ್ಷತ್ರ ಚಿಹ್ನೆ. ಹೀಗೆ '30 2 * * *' ಎಂದರೆ ಪ್ರತಿದಿನ ಬೆಳಗಿನ ಜಾವ ಎರಡೂವರೆ ಗಂಟೆ ಎಂದರ್ಥ.

ಮನೆಮಂದಿಯ ಬಳಕೆ

ಲಿನಕ್ಸ್ ಸರ್ವರ್‌ನಲ್ಲಿರುವ ಕಡತಗಳು ವಿಂಡೋಸ್ ಗಣಕಗಳಿಗೂ ಕಾಣುವಂತೆ ಮಾಡುವ ಸಾಂಬಾ ತಂತ್ರಾಂಶವನ್ನು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಆರಂಭಿಸಿದರು. ಮನೆಯವರೆಲ್ಲರ ಛಾಯಾಚಿತ್ರ, ಮಕ್ಕಳ ಅಂಕಪಟ್ಟಿ, ಮನೆಪತ್ರಗಳ ಸ್ಕ್ಯಾನ್ ಪ್ರತಿ ಮುಂತಾದವನ್ನು ಒಂದೆಡೆ ಇಡಲು ಇದು ನೆರವಾಗುತ್ತದೆ. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ನೆಕ್ಸ್ಟ್‌ಕ್ಲೌಡ್, ಫೋನಿನ ಚಿತ್ರಗಳನ್ನು ತಾನಾಗಿಯೇ ಸರ್ವರ್‌ಗೆ ಸೇರಿಸುತ್ತದೆ. ಚಲನಚಿತ್ರ ಮತ್ತು ಸಂಗೀತಕ್ಕೆ ಜೆಲ್ಲಿಫಿನ್, ದೀಪ ಮತ್ತು ಪಂಪುಗಳ ನಿಯಂತ್ರಣಕ್ಕೆ ಹೋಮ್ ಅಸಿಸ್ಟೆಂಟ್ ಬಳಕೆಯಲ್ಲಿವೆ.

ಪೈ-ಹೋಲ್ ಎಂಬ ತಂತ್ರಾಂಶವು ಜಾಹೀರಾತು ತಾಣಗಳ ವಿಳಾಸವನ್ನು ಕೇಳಿದಾಗ ಉತ್ತರ ಕೊಡದೆ, ಇಡೀ ಮನೆಯ ಸಾಧನಗಳಿಗೆ ಜಾಹೀರಾತುಗಳನ್ನು ತಡೆಯುತ್ತದೆ. ಆದರೆ ಹೆಸರಿನಿಂದ ವಿಳಾಸವನ್ನು ಹುಡುಕುವ ಕೆಲಸವೆಲ್ಲ ಅದರ ಮೂಲಕವೇ ಸಾಗುವುದರಿಂದ, ಅದು ನಿಂತರೆ ಮನೆಯಲ್ಲಿ 'ನೆಟ್ ಇಲ್ಲ' ಎಂಬ ಕೂಗು ಏಳುತ್ತದೆ. ಸರ್ವರ್ ಕೇವಲ ಹವ್ಯಾಸವಾಗಿರುವವರೆಗೆ ಅದು ಕೆಟ್ಟರೆ ಒಬ್ಬರಿಗೆ ಬೇಸರ. ಮನೆಮಂದಿ ಅದನ್ನು ನೆಚ್ಚಿಕೊಂಡ ಮೇಲೆ ಅದು ನೀರಿನ ಟ್ಯಾಂಕಿನಂತೆ ನಿತ್ಯದ ಅಗತ್ಯವಾಗುತ್ತದೆ.

ವಾಣಿಜ್ಯ ಸೇವೆಗಳು ಇರುವಾಗ ಈ ಶ್ರಮವೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ, ಮುಚ್ಚಿಹೋದ ಸೇವೆಗಳ ಉದಾಹರಣೆ ಕೊಡುವುದು ರೂಢಿ. ವೈಯಕ್ತಿಕ ಜಾಲಪುಟಗಳ ತಾಣವಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಮೈಸ್ಪೇಸ್‌ನಲ್ಲಿ ಜನರು ಏರಿಸಿದ್ದ ಹಳೆಯ ಸಂಗೀತವು ಸರ್ವರ್‌ಗಳ ಸ್ಥಳಾಂತರದಲ್ಲಿ ನಾಶವಾದದ್ದು 2019ರಲ್ಲಿ ಬೆಳಕಿಗೆ ಬಂತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ ಕೊನೆಗೊಂಡಿತು. ಈ ಉದಾಹರಣೆಗಳು ನಿಜ. ಆದರೆ ದೊಡ್ಡ ಸಂಸ್ಥೆಗಳ ದತ್ತಾಂಶ ಕೇಂದ್ರಗಳಲ್ಲಿ ಡಿಸ್ಕ್ ಕೆಟ್ಟರೆ ಬಳಕೆದಾರರಿಗೆ ಅದು ತಿಳಿಯುವುದೇ ಇಲ್ಲ ಎಂಬುದೂ ಅಷ್ಟೇ ನಿಜ. ಮನೆಯಲ್ಲಿ ಒಂದೇ ಡಿಸ್ಕ್ ಇಟ್ಟುಕೊಂಡವರು ವಾಣಿಜ್ಯ ಸೇವೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಹೊರಗಿನಿಂದ ಸಂಪರ್ಕ

ಮನೆಯಿಂದ ಹೊರಗಿರುವಾಗ ಸರ್ವರ್ ತಲುಪುವುದು ಸುಲಭವಲ್ಲ. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ನಲ್ಲಿ ಇರುವುದು ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಅವು ಸಾಲದ ಕಾರಣ ಭಾರತದ ಅನೇಕ ಸೇವಾದಾತರು ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುತ್ತಾರೆ. ವಠಾರಕ್ಕೆಲ್ಲ ಒಂದೇ ಬಾಗಿಲ ಸಂಖ್ಯೆ ಇದ್ದಂತೆ ಇದು: ಒಳಗಿನವರು ಹೊರಗೆ ಹೋಗಬಹುದು, ಆದರೆ ಹೊರಗಿನಿಂದ ಬಂದ ಪತ್ರ ಯಾರದೆಂದು ತಿಳಿಯದು. ರೌಟರ್‌ಗೆ ದೊರೆತ ವಿಳಾಸವು 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಆರಂಭವಾಗಿದ್ದರೆ ಇಂತಹ ಹಂಚಿಕೆ ನಡೆದಿದೆ ಎಂದು ತಿಳಿಯಬಹುದು. ಐಪಿವಿ6 ವಿಳಾಸ ಪಡೆಯುವುದು, ಸೇವಾದಾತರಿಗೆ ಹಣ ತೆತ್ತು ಸ್ಥಿರ ವಿಳಾಸ ಪಡೆಯುವುದು, ಅಥವಾ ಹೊರಗಿನ ಒಂದು ಬಾಡಿಗೆ ಸರ್ವರ್ ಮೂಲಕ ಸುರಂಗ ಮಾಡಿಕೊಳ್ಳುವುದು ಇದಕ್ಕಿರುವ ಪರಿಹಾರಗಳು.

ಬಾಗಿಲು ತೆರೆದೊಡನೆ ಅಪರಿಚಿತರು ತಟ್ಟುತ್ತಾರೆ. ದೂರದಿಂದ ಗಣಕವನ್ನು ನಿಯಂತ್ರಿಸುವ ಎಸ್‌ಎಸ್‌ಎಚ್ ವಿಧಾನವನ್ನು 1995ರಲ್ಲಿ ಫಿನ್‌ಲೆಂಡ್‌ನ ತಾತು ಉಲೊನೆನ್ ರೂಪಿಸಿದ್ದು, ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿದ ಪ್ರಸಂಗದ ನಂತರ. ಇಂದು ಆ ಬಾಗಿಲನ್ನು ಅಂತರಜಾಲಕ್ಕೆ ತೆರೆದಿಟ್ಟರೆ, ಪಾಸ್‌ವರ್ಡ್ ಊಹಿಸಲು ಯತ್ನಿಸುವ ಸ್ವಯಂಚಾಲಿತ ತಂತ್ರಾಂಶಗಳ ಹೆಜ್ಜೆಗುರುತು ಅಲ್ಪಕಾಲದಲ್ಲಿಯೇ ದಾಖಲೆಯಲ್ಲಿ ಕಾಣಿಸುತ್ತದೆ. ಪಾಸ್‌ವರ್ಡ್ ಬದಲು ಗೂಢಲಿಪಿಯ ಕೀಲಿ ಬಳಸುವುದು ಮೊದಲ ರಕ್ಷಣೆ. ಅದಕ್ಕಿಂತ ಮೇಲು, ಯಾವ ಬಾಗಿಲನ್ನೂ ಹೊರಗೆ ತೋರದೆ ವಿಪಿಎನ್ ಮೂಲಕ ಮಾತ್ರ ಒಳಬರುವುದು. ವೈರ್‌ಗಾರ್ಡ್ ಎಂಬ ವಿಪಿಎನ್ 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್‌ನಲ್ಲಿಯೇ ಸೇರಿದೆ.

ಜಾಲತಾಣದ ಸಂಪರ್ಕವನ್ನು ಗೂಢಲಿಪೀಕರಿಸಲು ಬೇಕಾದ ಪ್ರಮಾಣಪತ್ರಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿ ನೀಡತೊಡಗಿತು. ಅವುಗಳ ಅವಧಿ 90 ದಿನ ಅಥವಾ ಇನ್ನೂ ಕಡಿಮೆ ಇರುವುದರಿಂದ ನವೀಕರಣವನ್ನು ಕ್ರಾನ್‌ಗೆ ಒಪ್ಪಿಸಬೇಕು. ಮನೆಯಿಂದ ಇಮೇಲ್ ಸರ್ವರ್ ನಡೆಸುವುದನ್ನು ಮಾತ್ರ ಅನುಭವಿಗಳೂ ಸಾಮಾನ್ಯವಾಗಿ ಮಾಡುವುದಿಲ್ಲ. ಮನೆಯ ವಿಳಾಸದಿಂದ ಹೊರಟ ಪತ್ರವನ್ನು ದೊಡ್ಡ ಇಮೇಲ್ ಸೇವೆಗಳು ಅನುಮಾನದಿಂದ ನೋಡುತ್ತವೆ.

ಪ್ರತಿ ತೆಗೆದಿಡುವಿಕೆ

ಮನೆ ಸರ್ವರ್‌ನ ಅತಿ ಮುಖ್ಯವಾದ, ಅತಿ ಹೆಚ್ಚು ಮುಂದೂಡಲ್ಪಡುವ ಕೆಲಸ ಇದು. ಲಿನಕ್ಸ್‌ನ ಆರಂಭದ ಕಥೆಯಲ್ಲಿಯೂ ಇಂತಹ ಒಂದು ಪ್ರಸಂಗವಿದೆ. ಟೋರ್ವಾಲ್ಡ್ಸ್ ಒಮ್ಮೆ ಮೋಡೆಮ್‌ಗೆ ಕಳುಹಿಸಬೇಕಾದ ಆಜ್ಞೆಯನ್ನು ಕೈತಪ್ಪಿ ಹಾರ್ಡ್ ಡಿಸ್ಕ್‌ಗೆ ಕಳುಹಿಸಿ, ತಾವು ಬಳಸುತ್ತಿದ್ದ ಮಿನಿಕ್ಸ್ ವ್ಯವಸ್ಥೆಯನ್ನು ಅಳಿಸಿಕೊಂಡರು. ಮಿನಿಕ್ಸ್ ಅನ್ನು ಮತ್ತೆ ಸ್ಥಾಪಿಸುವ ಬದಲು ತಮ್ಮ ಹೊಸ ವ್ಯವಸ್ಥೆಯನ್ನೇ ನೆಚ್ಚಲು ಅವರು ನಿರ್ಧರಿಸಿದರು. ಎಲ್ಲರ ಕೈತಪ್ಪೂ ಇಷ್ಟು ಸುಖಾಂತವಾಗುವುದಿಲ್ಲ.

ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶವನ್ನು ಏಕಕಾಲಕ್ಕೆ ಬರೆಯುವ ರೇಡ್ ಏರ್ಪಾಡನ್ನು ಪ್ರತಿ ಎಂದು ತಿಳಿಯುವುದು ಬಹು ವ್ಯಾಪಕವಾದ ತಪ್ಪು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 1988ರ ಪ್ರಬಂಧದಲ್ಲಿ ವಿವರಿಸಿದ ರೇಡ್‌ನ ಉದ್ದೇಶ, ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಯಾರಾದರೂ ಮದುವೆಯ ಚಿತ್ರಗಳನ್ನು ತಪ್ಪಾಗಿ ಅಳಿಸಿದರೆ ಎರಡೂ ಡಿಸ್ಕ್‌ಗಳಿಂದ ಅವು ಆ ಕ್ಷಣವೇ ಅಳಿಯುತ್ತವೆ. ಸಿಡಿಲು, ಕಳವು, ಬೆಂಕಿ, ಒತ್ತೆಹಣ ಕೇಳುವ ಕುತಂತ್ರಾಂಶ ಇವುಗಳಿಗೆ ಎರಡು ಡಿಸ್ಕ್‌ಗಳೂ ಒಂದೇ ಸಲ ಬಲಿಯಾಗುತ್ತವೆ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ '3-2-1' ಸೂತ್ರ ಇಂದು ಸರ್ವಮಾನ್ಯವಾಗಿದೆ. ದತ್ತಾಂಶದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮದಲ್ಲಿರಬೇಕು, ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು. ಬೇರೆ ಸ್ಥಳವೆಂದರೆ ಬ್ಯಾಂಕಿನ ಲಾಕರ್ ಆಗಬಹುದು, ಇನ್ನೊಂದು ಊರಿನಲ್ಲಿರುವ ಅಣ್ಣನ ಮನೆಯೂ ಆಗಬಹುದು.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಆರ್‌ಸಿಂಕ್ ತಂತ್ರಾಂಶವನ್ನು ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಪ್ರಕಟಿಸಿದರು. ಇದು ಎರಡೂ ಕಡೆಯ ಕಡತಗಳನ್ನು ಹೋಲಿಸಿ, ಬದಲಾದ ಭಾಗವನ್ನು ಮಾತ್ರ ಜಾಲದ ಮೂಲಕ ಕಳುಹಿಸುತ್ತದೆ. ಇದರ ಮಹತ್ವ ಲೆಕ್ಕದಿಂದ ತಿಳಿಯುತ್ತದೆ. 500 ಗಿಗಾಬೈಟ್ ದತ್ತಾಂಶವನ್ನು ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಹೊರಗೆ ಕಳುಹಿಸಲು 2 ಲಕ್ಷ ಸೆಕೆಂಡು, ಅಂದರೆ ಎಡೆಬಿಡದೆ ಸುಮಾರು 56 ಗಂಟೆ ಬೇಕು. ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿಸಿ ಬಸ್ಸಿನಲ್ಲಿ ಒಯ್ದು, ನಂತರದ ಬದಲಾವಣೆಗಳನ್ನು ಮಾತ್ರ ಜಾಲದಲ್ಲಿ ಕಳುಹಿಸುವುದು ಜಾಣತನ. ಆರ್‌ಸಿಂಕ್‌ಗೂ ಒಂದು ಅಂಚಿದೆ: ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದಲೂ ಅಳಿಸುವಂತೆ ಹೇಳಿ, ಮೂಲದ ಡಿಸ್ಕ್ ಜೋಡಣೆಯಾಗದೆ ಖಾಲಿ ಕಂಡ ರಾತ್ರಿ ಅದು ಪ್ರತಿಯನ್ನೂ ಖಾಲಿ ಮಾಡಬಲ್ಲದು. ಆದ್ದರಿಂದ ಹಿಂದಿನ ಹಲವು ದಿನಗಳ ಸ್ಥಿತಿಯನ್ನು ಬೇರೆ ಬೇರೆಯಾಗಿ ಉಳಿಸುವ ವಿಧಾನವನ್ನು ಆರಿಸಬೇಕು.

ತೆಗೆದಿಟ್ಟ ಪ್ರತಿಯಿಂದ ದತ್ತಾಂಶವನ್ನು ಮರಳಿ ಪಡೆದು ನೋಡುವವರೆಗೆ ಅದು ಪ್ರತಿಯೇ ಅಲ್ಲ. ವೃತ್ತಿಪರರೂ ಇಲ್ಲಿ ಎಡವಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ನೌಕರರೊಬ್ಬರು ತಪ್ಪು ಸರ್ವರ್‌ನಲ್ಲಿ ದತ್ತಸಂಚಯವನ್ನು ಅಳಿಸಿದಾಗ, ರೂಪಿಸಿಟ್ಟಿದ್ದ ಐದು ಬಗೆಯ ರಕ್ಷಣೆಗಳಲ್ಲಿ ಯಾವುದೂ ನಿರೀಕ್ಷಿಸಿದಂತೆ ಕೆಲಸ ಮಾಡುತ್ತಿರಲಿಲ್ಲವೆಂದು ತಿಳಿದುಬಂತು. ಆಕಸ್ಮಿಕವಾಗಿ ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಆ ಸಂಸ್ಥೆಯು ಇಡೀ ಪ್ರಸಂಗವನ್ನು ಮುಚ್ಚಿಡದೆ ಸಾರ್ವಜನಿಕವಾಗಿ ವಿವರಿಸಿದ್ದು ಮೆಚ್ಚತಕ್ಕದ್ದು.

ಕನ್ನಡ ಕಡತಗಳು

ಲಿನಕ್ಸ್‌ನಲ್ಲಿ ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಆದರೆ ಸಾಮಾನ್ಯ ಬಳಕೆಯ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತಕ್ಷರ, ಕಾಗುಣಿತಗಳೂ ಪ್ರತ್ಯೇಕ ಸಂಕೇತಗಳೇ. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಗಣಕಕ್ಕೆ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತ, 15 ಬೈಟ್. ಹೀಗಾಗಿ ಕನ್ನಡದ ಹೆಸರು 85 ಸಂಕೇತಗಳನ್ನು ಮೀರುವಂತಿಲ್ಲ. ಕಡತದ ಹೆಸರನ್ನೂ ಗೂಢಲಿಪೀಕರಿಸುವ ಇಕ್ರಿಪ್ಟ್‌ಎಫ್‌ಎಸ್ ವ್ಯವಸ್ಥೆಯಲ್ಲಿ ಈ ಮಿತಿ ಸುಮಾರು 143 ಬೈಟ್, ಅಂದರೆ ಕನ್ನಡದ 47 ಸಂಕೇತ. ಸಮಾರಂಭದ ಹೆಸರು, ಊರು, ದಿನಾಂಕಗಳನ್ನೆಲ್ಲ ಕಡತದ ಹೆಸರಿನಲ್ಲಿ ಬರೆಯುವವರಿಗೆ ಪ್ರತಿ ತೆಗೆಯುವಾಗ ಬರುವ 'ಹೆಸರು ತೀರ ಉದ್ದ' ಎಂಬ ದೋಷಕ್ಕೆ ಕಾರಣ ಇದು.

ಸರ್ವರ್‌ಗೆ ನೇರವಾಗಿ ಪರದೆ ಜೋಡಿಸಿ ನೋಡಿದರೆ ಕನ್ನಡದ ಹೆಸರುಗಳು ಚೌಕಗಳಾಗಿ ಕಾಣುತ್ತವೆ. ಲಿನಕ್ಸ್‌ನ ಸರಳ ಅಕ್ಷರ ಪರದೆಯು ಗರಿಷ್ಠ 512 ಅಕ್ಷರರೂಪಗಳನ್ನು ಮಾತ್ರ ಬಲ್ಲದು. ಒತ್ತಕ್ಷರ ಜೋಡಿಸುವುದು ಅದಕ್ಕೆ ತಿಳಿಯದು. ಕಡತ ಹಾಳಾಗಿಲ್ಲ. ಕನ್ನಡ ಅಕ್ಷರಶೈಲಿ ಇರುವ ಇನ್ನೊಂದು ಗಣಕದಿಂದ ನೋಡಿದರೆ ಹೆಸರು ಸರಿಯಾಗಿಯೇ ಇರುತ್ತದೆ. ಲೋಹಿತ್, ಗುಬ್ಬಿ, ನವಿಲು, ನೋಟೊ ಮುಂತಾದ ಕನ್ನಡ ಅಕ್ಷರಶೈಲಿಗಳು ಲಿನಕ್ಸ್ ವಿತರಣೆಗಳಲ್ಲಿ ದೊರೆಯುತ್ತವೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯೂ ಅವುಗಳಲ್ಲಿ ಸೇರಿದೆ.

ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳದು ಬೇರೆ ಸಮಸ್ಯೆ. ಅವುಗಳಲ್ಲಿ ಕನ್ನಡವು ಇಂಗ್ಲಿಷ್ ಸಂಕೇತಗಳ ಮೇಲೆ ಹೊದಿಸಿದ ಅಕ್ಷರಶೈಲಿಯಾಗಿ ಮಾತ್ರ ಇರುತ್ತದೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ, ಹುಡುಕಿದರೆ ಯಾವ ಕನ್ನಡ ಪದವೂ ಸಿಗುವುದಿಲ್ಲ. ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದರೂ ಓದಲು ಬಾರದ ದಾಖಲೆ ಇದು. ಪರಿವರ್ತಕ ತಂತ್ರಾಂಶಗಳಿಂದ ಇವನ್ನು ಯುನಿಕೋಡ್‌ಗೆ ಬದಲಿಸಿ, ಮೂಲ ಕಡತವನ್ನೂ ಜೊತೆಗೇ ಉಳಿಸಿಕೊಳ್ಳುವುದು ಒಳಿತು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತುಗಳು ಕೆಲವೊಮ್ಮೆ ತಪ್ಪುತ್ತವೆ.

ನಿರ್ವಹಣೆ ಮತ್ತು ಉತ್ತರಾಧಿಕಾರ

ಸರ್ವರ್ ಕಟ್ಟುವುದು ಒಂದೆರಡು ರಜಾದಿನಗಳ ಕೆಲಸ. ನಡೆಸುವುದು ವರ್ಷಗಳ ಕೆಲಸ. ಭದ್ರತಾ ದೋಷಗಳು ಪತ್ತೆಯಾದಂತೆಲ್ಲ ತಂತ್ರಾಂಶವನ್ನು ನವೀಕರಿಸಬೇಕು. 2014ರ ಏಪ್ರಿಲ್‌ನಲ್ಲಿ ಬಹಿರಂಗವಾದ ಹಾರ್ಟ್‌ಬ್ಲೀಡ್ ದೋಷವು ಸರ್ವರ್‌ನ ಸ್ಮೃತಿಯಲ್ಲಿರುವ ಗುಟ್ಟುಗಳನ್ನು ಹೊರಗಿನವರು ಓದಲು ಎಡೆಮಾಡಿತ್ತು. ಡೆಬಿಯನ್‌ನ ಒಂದು ಆವೃತ್ತಿಗೂ ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ ಸಾಮಾನ್ಯವಾಗಿ ಐದು ವರ್ಷಗಳ ಬೆಂಬಲವಿರುತ್ತದೆ. ಅದರೊಳಗೆ ಹೊಸ ಆವೃತ್ತಿಗೆ ಏರಬೇಕು.

ಇದಕ್ಕಿಂತ ಗಂಭೀರವಾದ ವಿಷಯ, ಮನೆಯಲ್ಲಿ ಸರ್ವರ್ ಬಲ್ಲವರು ಸಾಮಾನ್ಯವಾಗಿ ಒಬ್ಬರೇ ಇರುವುದು. ಅವರು ಆಸ್ಪತ್ರೆ ಸೇರಿದರೆ ಅಥವಾ ತೀರಿಕೊಂಡರೆ, ಹದಿನೈದು ವರ್ಷಗಳ ಕುಟುಂಬದ ಚಿತ್ರಗಳು ಮನೆಯಲ್ಲಿಯೇ ಇದ್ದರೂ ಮನೆಯವರಿಗೆ ಸಿಗದೆ ಹೋಗಬಹುದು. ಗೂಗಲ್ 2013ರಿಂದ ಖಾತೆ ನಿಷ್ಕ್ರಿಯವಾದಾಗ ದತ್ತಾಂಶವನ್ನು ಯಾರಿಗೆ ಕೊಡಬೇಕೆಂದು ಮೊದಲೇ ಸೂಚಿಸುವ ಅವಕಾಶ ನೀಡಿದೆ. ಮನೆ ಸರ್ವರ್‌ನಲ್ಲಿ ಅಂತಹದು ತಾನಾಗಿ ಇರುವುದಿಲ್ಲ. ಕಳವಿನ ಭಯದಿಂದ ಲಕ್ಸ್ ವಿಧಾನದಲ್ಲಿ ಡಿಸ್ಕನ್ನು ಗೂಢಲಿಪೀಕರಿಸಿದ್ದರೆ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ಅದರ ಗುಪ್ತಪದ ಗೊತ್ತಿಲ್ಲದಿದ್ದರೆ ಅಂಗಡಿಯವರಾಗಲಿ ತಜ್ಞರಾಗಲಿ ಏನೂ ಮಾಡಲಾರರು.

ಆದ್ದರಿಂದ ಕೆಲವರು ಕುಟುಂಬದ ಚಿತ್ರ ಮತ್ತು ಪತ್ರಗಳ ಒಂದು ಪ್ರತಿಯನ್ನು ಗೂಢಲಿಪಿಯಿಲ್ಲದೆ, ವಿಂಡೋಸ್ ಗಣಕವೂ ಓದಬಲ್ಲ ಸಾಮಾನ್ಯ ಡಿಸ್ಕಿನಲ್ಲಿ ಬೀರುವಿನೊಳಗೆ ಇಡುತ್ತಾರೆ. ಇನ್ನು ಕೆಲವರು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಹಾಳೆ ಬರೆದು ಮನೆಪತ್ರಗಳ ಜೊತೆ ಇರಿಸುತ್ತಾರೆ. ಯಾವ ಪೆಟ್ಟಿಗೆ ಸರ್ವರ್, ಯಾವ ಡಿಸ್ಕಿನಲ್ಲಿ ಏನಿದೆ, ಗುಪ್ತಪದ ಯಾವುದು, ಜಾಲತಾಣದ ಹೆಸರಿನ ನೋಂದಣಿ ಶುಲ್ಕವನ್ನು ಯಾವ ತಿಂಗಳು ಕಟ್ಟಬೇಕು, ಯಾವುದನ್ನು ಆರಿಸಿದರೆ ಮನೆಯ ಅಂತರಜಾಲ ನಿಲ್ಲುತ್ತದೆ ಮತ್ತು ಆಗ ರೌಟರ್‌ನಲ್ಲಿ ಏನು ಬದಲಿಸಬೇಕು ಎಂಬ ವಿವರಗಳು ಆ ಹಾಳೆಯಲ್ಲಿರುತ್ತವೆ. ಗುಪ್ತಪದ ಬದಲಿಸಿದ ದಿನವೇ ಹಾಳೆಯನ್ನೂ ತಿದ್ದಿ, ಮೇಲೆ ಹೊಸ ದಿನಾಂಕ ಹಾಕಬೇಕಾಗುತ್ತದೆ.